ಎರೆಮಣ್ಣಿನಲ್ಲಿ ರೆಡಿಮೇಡ್ ಕಂಪೌಂಡ್ ಹಾಕಿಸುವ ಮುನ್ನ

ಕಲಬುರಗಿಯ ಹೊರವಲಯದ ಬಡಾವಣೆಗಳಲ್ಲಿ ಮನೆ ಕಟ್ಟಿಸುತ್ತಿರುವವರು ರೆಡಿಮೇಡ್ ಕಂಪೌಂಡ್‌ಗೆ ಮುಂಗಡ ಕೊಡುವ ಮೊದಲು ತಮ್ಮ ನಿವೇಶನದ ಮಣ್ಣು ಎಂಥದೆಂದು ನೋಡಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಿಮೆಂಟಿನ ಕಂಬಗಳನ್ನು ನೆಟ್ಟು, ಅವುಗಳ ಪಕ್ಕದ ಸೀಳಿನಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಬಿಡುವ ಈ ಗೋಡೆ ಇಟ್ಟಿಗೆಯ ಗೋಡೆಗಿಂತ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ನಮ್ಮಲ್ಲಿ ಅದು ಒಂದು ಮಳೆಗಾಲವನ್ನೂ ತಾಳಲಿಲ್ಲ.

ಗುತ್ತಿಗೆದಾರರು ಎರಡು ಅಡಿ ಗುಂಡಿ ತೆಗೆಯುವುದಾಗಿ ಬಾಯಿಮಾತಿನಲ್ಲಿ ಹೇಳಿದ್ದರು. ಬರೆದುಕೊಟ್ಟ ದರಪಟ್ಟಿಯಲ್ಲಿ ಗೋಡೆಯ ಎತ್ತರ ಮತ್ತು ಅಡಿಯ ಲೆಕ್ಕದ ದರ ಮಾತ್ರ ಇದ್ದವು. ವಾಲಿದ ಕಂಬವೊಂದರ ಬುಡವನ್ನು ಆಮೇಲೆ ಅಗೆಸಿ ನೋಡಿದಾಗ ಅದು ಒಂದೂಕಾಲು ಅಡಿಯಷ್ಟೇ ಇಳಿದಿತ್ತು, ತಳದಲ್ಲಿ ಒಂದು ಬುಟ್ಟಿಯಷ್ಟು ಕಾಂಕ್ರೀಟಿತ್ತು, ಉಳಿದದ್ದೆಲ್ಲ ಅಲ್ಲಿಯೇ ಅಗೆದು ಮತ್ತೆ ತುಂಬಿದ ಎರೆಮಣ್ಣು.

ಎರೆಮಣ್ಣಿನಲ್ಲಿರುವ ಜೇಡಿ ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುವುದನ್ನು ಹೊಲದಲ್ಲಿ ಎಲ್ಲರೂ ನೋಡಿರುತ್ತೇವೆ, ಆದರೆ ಅದೇ ಹೊಲ ಬಡಾವಣೆಯಾದ ಮೇಲೆ ಮಣ್ಣು ಮಾತ್ರ ಸುಮ್ಮನಿರುತ್ತದೆಂದು ಹೇಗೋ ನಂಬಿಬಿಡುತ್ತೇವೆ. ಮೇಲ್ಪದರದಲ್ಲಿ ನೆಟ್ಟ ಕಂಬವನ್ನು ಈ ಮಣ್ಣು ಮಳೆಯಲ್ಲಿ ಮೇಲಕ್ಕೆತ್ತುತ್ತದೆ, ಬಿಸಿಲಿನಲ್ಲಿ ಅದರ ಕೈಬಿಡುತ್ತದೆ. ಎರಡು ಕಂಬಗಳ ನಡುವಿನ ಅಂತರ ಸ್ವಲ್ಪ ಹೆಚ್ಚಿದರೂ ಸಾಕು, ಹಲಗೆಯ ತುದಿ ಸೀಳಿನಿಂದ ಜಾರುತ್ತದೆ. ಸೆಪ್ಟೆಂಬರಿನ ಮಳೆ ನಿಂತು ಬಿಸಿಲು ಬಿದ್ದ ಮೇಲೆ ಗೇಟಿನ ಚಿಲಕ ತೂತಿಗೆ ಕೂರದಾಯಿತು. ಅನಂತರ ಹಿಂಬದಿಯ ಮೇಲಿನ ಹಲಗೆ ಪಕ್ಕದವರ ಹಿತ್ತಲಿಗೆ ಬಿತ್ತು. ಅಲ್ಲಿ ಮಕ್ಕಳು ಆಡುತ್ತಾರೆ. ಆ ಹೊತ್ತಿಗೆ ಯಾರೂ ಇರಲಿಲ್ಲವೆಂಬುದಷ್ಟೇ ಪುಣ್ಯ.

ಗುತ್ತಿಗೆದಾರರನ್ನು ಕರೆಸಿದಾಗ, “ಕಂಬ ಮುರ್ದಿಲ್ಲರಿ ಸರ, ಮಣ್ಣು ಸರದದ. ಮಣ್ಣಿಗಿ ನಾ ಏನ್ ಮಾಡ್ಲಿ?” ಎಂದರು. ಅವರ ಗ್ಯಾರಂಟಿ ಸಿಮೆಂಟಿನ ಸಾಮಾನಿಗೆ ಮಾತ್ರವಂತೆ, ನಿಲ್ಲಿಸಿದ ಕೆಲಸಕ್ಕಲ್ಲವಂತೆ. ಆದ್ದರಿಂದ ಗುಂಡಿಯ ಆಳ, ಕಂಬದ ಒಟ್ಟು ಉದ್ದ, ಗುಂಡಿಗೆ ತುಂಬುವ ಕಾಂಕ್ರೀಟು ಮತ್ತು ವಾಲಿದರೆ ನೆಟ್ಟಗೆ ಮಾಡಿಕೊಡುವ ಹೊಣೆ, ಇಷ್ಟನ್ನೂ ಕಾಗದದ ಮೇಲೆ ಬರೆಸದೆ ಹಣ ಕೊಡಬೇಡಿ.

ಅದಕ್ಕೂ ಮೊದಲು ನಿವೇಶನದ ಒಂದು ಮೂಲೆಯಲ್ಲಿ ಗುಂಡಿ ತೋಡಿಸಿ ಗರಸು, ಅಂದರೆ ಎರೆಮಣ್ಣಿನ ಕೆಳಗಿನ ಗಟ್ಟಿ ಜಲ್ಲಿಮಣ್ಣು, ಎಷ್ಟು ಆಳದಲ್ಲಿ ಸಿಗುತ್ತದೆಂದು ನೋಡಿ. ಮೂರು ನಾಲ್ಕು ಅಡಿಯೊಳಗೆ ಗರಸು ಸಿಕ್ಕರೆ ಕಂಬವನ್ನು ಅದರೊಳಗೇ ಇಳಿಸಬೇಕು, ಅಗೆದ ಎರೆಮಣ್ಣನ್ನು ಗುಂಡಿಗೆ ಮರಳಿ ಹಾಕಿಸಬಾರದು, ಮಾಳಿಗೆಯ ನೀರು ಗೋಡೆಯ ಬುಡದಲ್ಲಿ ನಿಲ್ಲಬಾರದು. ಎರೆಮಣ್ಣಿನ ಪದರ ತೀರ ಆಳವಾಗಿದ್ದರೆ ತಳ ಅಗಲಿಸಿದ ಅಂಡರ್-ರೀಮ್ಡ್ ಪೈಲ್‌ಗಳೇ, ಅಂದರೆ ನೆಲದೊಳಗೆ ಆಳಕ್ಕೆ ಇಳಿಸುವ ಕಾಂಕ್ರೀಟಿನ ಅಡಿಪಾಯದ ಕಂಬಗಳೇ ಬೇಕಾಗುತ್ತವೆ. ಭಾರತೀಯ ಮಾನಕದ ಪ್ರಕಾರ ಅಂಥಲ್ಲಿ ಅವುಗಳ ಕನಿಷ್ಠ ಉದ್ದ 3.5 ಮೀಟರ್. ಬರಿಯ ಅಂಗಳದ ಬೇಲಿಗೆ ಅಷ್ಟು ಖರ್ಚು ಮಾಡುವುದು ನನಗಂತೂ ಸರಿಯೆನಿಸುವುದಿಲ್ಲ.

ಅಂಥ ಕಡೆ ಕಲ್ಲುಕಂಬಗಳಿಗೆ ಚೈನ್‌ಲಿಂಕ್ ತಂತಿಜಾಲ ಕಟ್ಟಿಸುವುದೇ ಮೇಲು, ಏಕೆಂದರೆ ಕಂಬ ತುಸು ಅಲುಗಿದರೂ ಜಾಲ ಬಾಗಿಕೊಳ್ಳುತ್ತದೆ, ಯಾರ ಮೇಲೂ ಬೀಳುವುದಿಲ್ಲ. ತಂತಿಯ ಗೇಜಿನ ಅಂಕಿ ಹೆಚ್ಚಾದಷ್ಟೂ ತಂತಿ ತೆಳುವೆಂಬುದು ನೆನಪಿರಲಿ: 10 ಗೇಜ್ ಎಂದರೆ ಸುಮಾರು 3.2 ಮಿಲಿಮೀಟರ್, 14 ಗೇಜ್ ಎಂದರೆ ಸುಮಾರು 2. ಮರೆ ಬೇಕೆನ್ನುವವರಿಗೆ ಶಹಾಬಾದಿನ ಫರಸಿ ಕಲ್ಲುಗಳನ್ನು ಸಾಲಾಗಿ ಹೂಳುವ ಹಳೆಯ ಪದ್ಧತಿಯೂ ಇದೆ. ಅದೂ ವಾಲದೆ ಇರುವುದಿಲ್ಲ, ಆದರೆ ವಾಲಿದ ಒಂದು ಕಲ್ಲನ್ನಷ್ಟೇ ಕಿತ್ತು ನಿಲ್ಲಿಸಬಹುದು.

ನಮ್ಮ ಹಿಂಬದಿಯ ಗೋಡೆಯನ್ನು ಈಗ ಬಿಚ್ಚಿಸಿ ಬೇರೆಯವರಿಂದ ಚೈನ್‌ಲಿಂಕ್ ಕಟ್ಟಿಸುತ್ತಿದ್ದೇವೆ. ಟೇಪು ಇಳಿಸಿ ಆಳ ತೋರಿಸಿದ ಮೇಲೆಯೇ ಕಂಬ ನಿಲ್ಲುತ್ತಿದೆ, ಕೊನೆಯ ಕಂತನ್ನು ಮಳೆಗಾಲ ಮುಗಿದ ಮೇಲೆ ಕೊಡುವುದೆಂದು ಕರಾರಾಗಿದೆ.