ಮೂರು ಜೊತೆ ಬೂಟು, ಒಂದು ಮಳೆಗಾಲ

ಹೋದ ಜೂನ್‌ನಲ್ಲಿ ಮಗ ಮೈಸೂರಿಂದ ಹೊಸ ಟ್ರೆಕ್ಕಿಂಗ್ ಬೂಟು ತಂದ. "ಆ ಹಳೇದನ್ನ ಇನ್ನಾದ್ರೂ ಬುಡಪ್ಪ" ಅಂದ. ಹಳೇದು ಅಂದರೆ ಸೇನೆಯಲ್ಲಿ ಕೊಟ್ಟ ನನ್ನ ದಪ್ಪ ಚರ್ಮದ ಡಿಎಂಎಸ್ ಬೂಟು. ಬೆಂಗಳೂರಿನ ಎಂಇಜಿಯಲ್ಲಿ, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ, ತರಬೇತಿ ಮುಗಿಸಿ 17 ವರ್ಷ ಸೇವೆ ಮಾಡಿದೆ. ಈ ಜೊತೆ 2006ರಲ್ಲಿ ಇಶ್ಯೂ ಆಗಿದ್ದು, ಅದೇ ಕೊನೆಯದು. ಎರಡು ವರ್ಷಕ್ಕೆ ಪೆನ್ಷನ್ ಬಂದೆ. ಅಟ್ಟದ ಮೇಲೆ ಇನ್ನೊಂದು ಜೊತೆ, ಕ್ಯಾನ್ವಾಸ್‌ನ ಜಂಗಲ್ ಬೂಟೂ ಇತ್ತು. ಮಗನಿಗೆ ಬಾಯಲ್ಲಿ ಉತ್ತರ ಹೇಳೋದು ಬೇಡ ಅನಿಸಿತು. ಮೂರನ್ನೂ ಆ ಮಳೆಗಾಲ ಪೂರ್ತಿ ಹಾಕಿ ನೋಡಿದೆ.

ಮೊದಲು ತೂಕ. ನಮ್ಮೂರ ಆಲೆಮನೆಯಲ್ಲಿ ಬೆಲ್ಲ ತೂಗುವ ತಕ್ಕಡಿಗೇ ಇಟ್ಟೆ. ಡಿಎಂಎಸ್ ಜೊತೆ ಹತ್ತಿರ ಹತ್ತಿರ 1 ಕೆಜಿ 700 ಗ್ರಾಂ. ಉಳಿದ ಎರಡೂ 1 ಕೆಜಿ ಆಸುಪಾಸು. ಕಾಲಲ್ಲಿ ಒಂದು ಕೆಜಿ ಜಾಸ್ತಿಯಾದರೆ ಬೆನ್ನಲ್ಲಿ ಐದು ಕೆಜಿ ಹೊತ್ತ ಹಾಗೆ ಅಂತ ನಮಗೆ ತರಬೇತಿ ಕೊಟ್ಟ ಉಸ್ತಾದ್ ಹೇಳುತ್ತಿದ್ದರು. ಆ ಮಾತು ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಚೆನ್ನಾಗಿ ಅರ್ಥವಾಗುತ್ತದೆ.

ದೇವರಿಗೆ ಅಂತ ಹತ್ತುವಾಗ ನಾನು ಬರಿಗಾಲಲ್ಲೇ ಹತ್ತುವುದು. ಇದು ನಡಿಗೆಯ ಪರೀಕ್ಷೆ. ಹಾಗಾಗಿ ಜನ ಕಡಿಮೆ ಇರುವ ಬೆಳಗಿನ ಜಾವ ಹೋದೆ. ಕುಂಕುಮ ಹಚ್ಚಿದ ಜಾಗ ತುಳಿಯದೆ ಅಂಚಿನಲ್ಲಿ ಹೆಜ್ಜೆ ಇಟ್ಟೆ. ಮೂರು ಭಾನುವಾರ, ಮೂರು ಬೂಟು. ಪಾದದಿಂದ ಮೇಲಕ್ಕೆ ಸಾವಿರ ಮೆಟ್ಟಿಲು, ದೊಡ್ಡ ದೇವರಾಜ ಒಡೆಯರ ಕಾಲದವು. ಟ್ರೆಕ್ಕಿಂಗ್ ಬೂಟಲ್ಲಿ 700ನೇ ಮೆಟ್ಟಿಲಿನ ನಂದಿವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಡಿಎಂಎಸ್ ಹಾಕಿದ ದಿನ ಎರಡು ಕಡೆ ಕೂತೆ. ಇಳಿಯುವಾಗ ತುಂತುರು ಹಿಡಿದಿತ್ತು. ಸವೆದು ನುಣುಪಾದ ಕಲ್ಲು, ವಯಸ್ಸಾಗಿ ಗಟ್ಟಿಯಾದ ರಬ್ಬರ್ ಸೋಲ್. ಒಂದು ಸಲ ಜಾರಿ ಕೈ ಊರಿದೆ. ಹೊಸ ಬೂಟಿನ ಮೆತ್ತನೆ ಸೋಲ್ ಅದೇ ಕಲ್ಲನ್ನು ಕಚ್ಚಿ ಹಿಡಿದಿತ್ತು. ಬೆಟ್ಟದಲ್ಲಿ ಮಗನ ಬೂಟೇ ಗೆದ್ದಿತು. ಜಂಗಲ್ ಬೂಟು ಹಗುರವೇನೋ ಹೌದು, ಆದರೆ ಕೆಳಗಿನ ಕಲ್ಲೆಲ್ಲ ಅಂಗಾಲಿಗೆ ತಿಳಿಯುತ್ತದೆ.

ಗದ್ದೆಯ ಲೆಕ್ಕ ಬೇರೆ. ನಮ್ಮದು ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ನೀರು. ಕಬ್ಬು ಕಡಿದ ಮೇಲೆ ಕೂಳೆ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಓರೆಯಾಗಿ ಕತ್ತರಿಸಿದ ಮೊಳೆಗಳ ಹಾಗೆ ನಿಂತಿರುತ್ತದೆ. ಜಂಗಲ್ ಬೂಟಿನ ಕ್ಯಾನ್ವಾಸ್ ಎರಡನೇ ದಿನವೇ ಪಕ್ಕದಲ್ಲಿ ಹರಿಯಿತು. ಟ್ರೆಕ್ಕಿಂಗ್ ಬೂಟಿನ ಮೇಲಿನ ಜಾಲರಿ ಬಟ್ಟೆಗೆ ಕಬ್ಬಿನ ಸುಂಕು ಅಂಟಿಕೊಂಡು, ಒಳಗಿನ ಕಾಲುಚೀಲದವರೆಗೂ ಬಂತು. ಡಿಎಂಎಸ್‌ಗೆ ಒಂದೆರಡು ಗೀರು ಬಿತ್ತು, ಅಷ್ಟೇ. ಪಾಲಿಶ್ ಹಾಕಿದ ಮೇಲೆ ಅದೂ ಕಾಣಲಿಲ್ಲ.

ರಾತ್ರಿ ಕರೆಂಟ್ ಬಂದಾಗ ನೀರು ಕಟ್ಟಲು ಹೋಗಬೇಕು. ಕೊಳಕುಮಂಡಲದ ಭಯ ಇದ್ದೇ ಇದೆ. ಟಾರ್ಚು, ಕೈಯಲ್ಲೊಂದು ಕೋಲು, ಕಾಲಲ್ಲಿ ಹರಡಿನ ಮೇಲೆ ನಾಲ್ಕು ಬೆರಳು ಬರುವ ದಪ್ಪ ಚರ್ಮ. ಇದಿಷ್ಟು ಇಲ್ಲದೆ ಬದುವಿನ ಮೇಲೆ ಕಾಲಿಡಲು ನನಗೆ ಮನಸ್ಸು ಬರುವುದಿಲ್ಲ.

ನೀರಿಗೆ ಮಾತ್ರ ಜಂಗಲ್ ಬೂಟು. ನಾಗಾಲ್ಯಾಂಡ್‌ನಲ್ಲಿದ್ದಾಗ ದಿನಕ್ಕೆ ಮೂರು ನಾಲ್ಕು ಸಲ ತೊರೆ ದಾಟುತ್ತಿದ್ದೆವು. ಆ ಬೂಟಿಗೆ ಹೊಕ್ಕ ನೀರು ನಡೆಯುತ್ತಲೇ ಹೊರಗೆ ಹೋಗುತ್ತಿತ್ತು. ರಾತ್ರಿ ಒಲೆಯಿಂದ ದೂರ ನೇತು ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತಿತ್ತು. ಈಗಲೂ ಹಾಗೇ ಇದೆ. ಟ್ರೆಕ್ಕಿಂಗ್ ಬೂಟಿನ ಒಳಗೆ ನೀರು ತಡೆಯುವ ಪದರ ಇದೆ. ಹೊರಗಿನ ಮಳೆಗೆ ಸರಿ. ಆದರೆ ಕಾಲುವೆಯಲ್ಲಿ ಮೇಲಿನಿಂದ ನೀರು ತುಂಬಿತು ಅಂದರೆ ಅದೇ ಪದರ ನೀರನ್ನು ಹೊರಗೂ ಬಿಡುವುದಿಲ್ಲ. ಒಣಗಲು ಒಂದೂವರೆ ದಿನ ಹಿಡಿಯಿತು. ಡಿಎಂಎಸ್‌ಗೆ ಎರಡು ದಿನ. ಒಳಗೆ ನ್ಯೂಸ್‌ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸಿ, ನೆರಳಲ್ಲಿ ಇಡಬೇಕು. ಬಿಸಿಲಿಗೆ ಇಟ್ಟರೆ ಚರ್ಮ ಬಿರಿಯುತ್ತದೆ.

ಬಾಳಿಕೆ ವಿಷಯ ಹೇಳಲೇಬೇಕು. ಡಿಎಂಎಸ್ ಅಂದರೆ ಡೈರೆಕ್ಟ್ ಮೋಲ್ಡೆಡ್ ಸೋಲ್. ರಬ್ಬರನ್ನು ಅಚ್ಚಿನಲ್ಲಿ ಕಾಯಿಸಿ ನೇರ ಚರ್ಮಕ್ಕೇ ಕೂರಿಸಿರುತ್ತಾರೆ. ಸೋಲ್ ಸೇರುವ ಕಡೆ ಹೊಲಿಗೆ ಇಲ್ಲ, ಹಾಗಾಗಿ ಅಲ್ಲಿಂದ ನೀರು ಬರುವ ಮಾತಿಲ್ಲ. ಆದರೆ ಸವೆದ ಮೇಲೆ ಸೋಲ್ ಬದಲಾಯಿಸುವುದು ಕಷ್ಟ. ನನ್ನದು ಹಿಮ್ಮಡಿಯ ಹೊರಗಡೆ ಸವೆದಿತ್ತು. ಪಾಂಡವಪುರದಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಚರ್ಮ ಇನ್ನೂ ಗಟ್ಟಿಯಾಗೈತೆ ಕಣಣ್ಣ, ಎಸೀಬ್ಯಾಡಿ" ಅಂದರು. ಟೈರ್ ರಬ್ಬರಿನ ತುಂಡು ಅಂಟಿಸಿ ಸರಿ ಮಾಡಿಕೊಟ್ಟರು.

ಟ್ರೆಕ್ಕಿಂಗ್ ಬೂಟು ಕೊಳ್ಳುವವರು ಒಂದು ಗಮನಿಸಿ. ಸೋಲ್‌ನ ಮಧ್ಯದ ಪದರ ಪಾಲಿಯುರಿಥೇನ್ ಆಗಿದ್ದರೆ ಹಾಕದೆ ಇಟ್ಟರೂ ಹಾಳಾಗುತ್ತದೆ. ಗಾಳಿಯ ತೇವಕ್ಕೇ ಅದು ಒಳಗೊಳಗೆ ಕೊಳೆಯುತ್ತದೆ. ಮಗನ ಹಿಂದಿನ ಜೊತೆ ಕೆಲವು ವರ್ಷ ಡಬ್ಬದಲ್ಲೇ ಇತ್ತು. ಹಾಕಿಕೊಂಡು ಹತ್ತು ಹೆಜ್ಜೆ ಇಡುವುದರೊಳಗೆ ಸೋಲ್ ಒಣ ರೊಟ್ಟಿಯ ಹಾಗೆ ಪುಡಿ ಪುಡಿಯಾಯಿತು. ದುಡ್ಡು ಕೊಟ್ಟು ತಂದಿದ್ದು, ಬೇಜಾರಾಗುತ್ತೆ ಅಲ್ವಾ?

ಇನ್ನು ತಕ್ಕಡಿಗೆ ಸಿಗದ ಒಂದು ವಿಷಯ ಇದೆ. ಸೇನೆ ಸೇರಿದ ಹೊಸದರಲ್ಲಿ ಈ ಡಿಎಂಎಸ್ ಥರದ ಬೂಟೇ ನನ್ನ ಕಾಲು ತಿಂದುಹಾಕಿತ್ತು. 5 ಕಿಲೋಮೀಟರ್ ಓಟದಲ್ಲಿ ಹಿಮ್ಮಡಿಯ ಬೊಬ್ಬೆ ಒಡೆದು ಕಾಲುಚೀಲ ಅಂಟಿಕೊಂಡಿತ್ತು. ಹರಳೆಣ್ಣೆ ಹಚ್ಚಿ, ಎರಡು ಕಾಲುಚೀಲ ಹಾಕಿ, ವಾರಗಟ್ಟಲೆ ನಡೆದ ಮೇಲೆ ಚರ್ಮ ಬಗ್ಗಿತು. ಈ ಕೊನೆಯ ಜೊತೆಯನ್ನೂ ಹಾಗೇ ಪಳಗಿಸಿದ್ದು. ಈಗ ಒಳಗೆ ಕೈ ಹಾಕಿದರೆ ಹೆಬ್ಬೆರಳು ಕೂರುವ ಗುಳಿ ಸಿಗುತ್ತದೆ. ಎಡಗಡೆ ಕಿರುಬೆರಳಿನ ಉಬ್ಬು ಹೊರಗಿಂದಲೇ ಕಾಣುತ್ತದೆ. ಬೆರಳು ಬಗ್ಗುವ ಜಾಗದಲ್ಲಿ ಮೂರು ಮಡಿಕೆ, ಅಂಗೈ ಗೆರೆಯ ಹಾಗೆ. ಬಟ್ಟೆಯನ್ನು ಬೆರಳಿಗೆ ಸುತ್ತಿ, ಒಂದು ಹನಿ ನೀರು ಮುಟ್ಟಿಸಿ, ಸಣ್ಣ ಸಣ್ಣ ಸುತ್ತು ಹಾಕುತ್ತಾ ಪಾಲಿಶ್ ತಿಕ್ಕುವಾಗ ಆ ಮೂರು ಮಡಿಕೆಯ ಹತ್ತಿರ ಕೈ ತಾನಾಗೇ ನಿಧಾನವಾಗುತ್ತದೆ.

ಹೊಸದಾಗಿ ಕೊಳ್ಳುವವರು ಬೆಟ್ಟಕ್ಕೆ, ಪ್ರಯಾಣಕ್ಕೆ ಅಂತಿದ್ದರೆ ಟ್ರೆಕ್ಕಿಂಗ್ ಬೂಟೇ ತಗೊಳ್ಳಿ. ಕಾಲುವೆ, ಕೆಸರಿನ ಕೆಲಸಕ್ಕೆ ಜಂಗಲ್ ಬೂಟು ಸಾಕು, ದುಡ್ಡೂ ಉಳಿಯುತ್ತದೆ. ಕಬ್ಬಿನ ಗದ್ದೆಯಲ್ಲಿ ಓಡಾಡುವವರಿಗೆ ದಪ್ಪ ಚರ್ಮ ಬೇಕೇ ಬೇಕು. ನಾನು ಮಗನ ಬೂಟನ್ನು ಬೆಟ್ಟಕ್ಕೆ ಅಂತ ಇಟ್ಟುಕೊಂಡಿದ್ದೇನೆ. ಬಾಗಿಲ ಪಕ್ಕದ ಜಾಗ ಡಿಎಂಎಸ್‌ದೇ. ಈ ಭಾನುವಾರ ಎಡಗಾಲಿನ ಲೇಸು ಬದಲಾಯಿಸಬೇಕು, ಮೂರನೇ ತೂತಿನ ಹತ್ತಿರ ನೂಲು ಬಿಟ್ಟಿದೆ.