ಗೂಗಲ್ಲೋ ಇನ್‌ಸ್ಟಾಗ್ರಾಮೋ? ಚಟ್ನಿಪುಡಿ ಮಾರಿ ನೋಡಿದ್ದು

"ಅಂಗಡಿ ಮುಂದೆ ನಿಂತು ಸುಮ್ನೆ ನೋಡಿಕೊಂಡು ಹೋದವ್ರಿಗೂ ನೀನೇ ದುಡ್ಡು ಕೊಡ್ತೀಯೇನೇ?"

ಕ್ಲಿಕ್ಕಿಗಿಷ್ಟು ಅಂತ ಹಣ ಕೊಡುವ ಜಾಹೀರಾತಿನ ಬಗ್ಗೆ ಹೇಳಿದಾಗ ನಮ್ಮತ್ತೆ ಕೇಳಿದ್ದು ಇದು. ಹೌದು ಅತ್ತೆ, ಹೆಚ್ಚೂಕಮ್ಮಿ ಹಾಗೇ ಅಂದೆ.

ದಾವಣಗೆರೆಯ ನಮ್ಮ ಮನೆಯಿಂದ ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿ ಮಾರುತ್ತೇವೆ. ಹುರಿದು ಕುಟ್ಟುವುದು ಅತ್ತೆ. ವೆಬ್‌ಸೈಟು, ಪಾರ್ಸೆಲ್ಲು ನನ್ನ ಪಾಲು. ಆಹಾರ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನಂಬರ್ ಇದೆ, ಜಿಎಸ್‌ಟಿ ನೋಂದಣಿ ಇಲ್ಲ. ಹಾಗಾಗಿ ಮಾರಾಟ ಕರ್ನಾಟಕದ ಒಳಗೆ ಮಾತ್ರ. ಹೋದ ಶ್ರಾವಣದಿಂದ ದೀಪಾವಳಿವರೆಗೆ ಗೂಗಲ್ ಸರ್ಚ್ ಜಾಹೀರಾತಿಗೆ 3,000 ರೂಪಾಯಿ, ಇನ್‌ಸ್ಟಾಗ್ರಾಮಿಗೆ 3,000 ರೂಪಾಯಿ ಹಾಕಿ ನೋಡಿದೆ.

ಮೊದಲು ಗೂಗಲ್. ಅಲ್ಲಿ ಯಾರಾದರೂ ಏನಾದರೂ ಹುಡುಕಿದಾಗಲೆಲ್ಲ ಒಂದು ಹರಾಜು ನಡೆಯುತ್ತದೆ. ಎಪಿಎಂಸಿಯಲ್ಲಿ ಕೂಗಿದ ಹಾಗೆ ಜಾಸ್ತಿ ಕೂಗಿದವರಿಗೇ ಮಾಲು ಅಂತಲ್ಲ. ಹುಡುಕಿದ ಮಾತಿಗೆ ನಿಮ್ಮ ಜಾಹೀರಾತು ಹೊಂದುತ್ತದಾ, ಒತ್ತಿದ ಮೇಲೆ ತೆರೆಯುವ ಪುಟ ಚೆನ್ನಾಗಿದೆಯಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಮ್ಮಂಥವರಿಗೆ ಜಾಗ ಸಿಗುವುದು ಅದರಿಂದಲೇ.

ಮೊದಲ 1,500 ರೂಪಾಯಿ ಹತ್ತೇ ದಿನಕ್ಕೆ ಖಾಲಿ. 170 ಕ್ಲಿಕ್, 4 ಆರ್ಡರ್! ತಪ್ಪು ಪೂರ್ತಿ ನನ್ನದೇ. ಯಾವ ಮಾತು ಹುಡುಕಿದರೆ ಜಾಹೀರಾತು ಬರಬೇಕು ಅಂತ ನಾವು ಕೊಡುವುದು ಕೀವರ್ಡ್. 'ದಾವಣಗೆರೆ ಚಟ್ನಿ' ಅನ್ನುವ ಕೀವರ್ಡನ್ನು ಬ್ರಾಡ್ ಮ್ಯಾಚಿನಲ್ಲಿ ಬಿಟ್ಟಿದ್ದೆ. ಅಂದರೆ ಅದರ ಸುತ್ತಮುತ್ತಲಿನ ಏನು ಹುಡುಕಿದರೂ ನಮ್ಮ ಜಾಹೀರಾತು ಬರಬಹುದು. ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಬೆಂಗಳೂರಿಂದ ಫೋನು.

"ಮೇಡಂ, ಬೆಣ್ಣೆ ದೋಸೆ ಎರಡು ಪಾರ್ಸೆಲ್. ಚಟ್ನಿ ಜಾಸ್ತಿ ಇರಲಿ."

"ಸರ್, ನಾವು ಚಟ್ನಿಪುಡಿ ಮಾಡೋರು. ದೋಸೆ ಇಲ್ಲ."

"ಮತ್ತೆ ದಾವಣಗೆರೆ ಅಂತ ಯಾಕ್ರೀ ಹಾಕಿದೀರಾ?"

ಬೈಸಿಕೊಂಡಿದ್ದು ನಾನು, ಅವರು ಒತ್ತಿದ್ದಕ್ಕೆ ಸುಮಾರು ಒಂಬತ್ತು ರೂಪಾಯಿ ಕೊಟ್ಟಿದ್ದೂ ನಾನೇ.

ಅವತ್ತು ಸಂಜೆ ಸರ್ಚ್ ಟರ್ಮ್ಸ್ ವರದಿ ತೆರೆದೆ. ಜನ ನಿಜವಾಗಿ ಏನು ಟೈಪ್ ಮಾಡಿ ನಮ್ಮಲ್ಲಿಗೆ ಬಂದರು ಅನ್ನುವುದು ಅದರಲ್ಲಿರುತ್ತದೆ. ಅರ್ಧಕ್ಕರ್ಧ 'ರೆಸಿಪಿ', 'ಮಾಡುವ ವಿಧಾನ'. ಪುಡಿ ಕೊಳ್ಳುವವರಲ್ಲ, ಮನೆಯಲ್ಲೇ ಮಾಡಿಕೊಳ್ಳುವವರು! ಆ ಮಾತುಗಳನ್ನೂ 'ದೋಸೆ', 'ಹೋಟೆಲ್' ಅನ್ನುವುದನ್ನೂ ನೆಗೆಟಿವ್ ಕೀವರ್ಡಿಗೆ ಹಾಕಿದೆ, ಅಂದರೆ ಇವನ್ನು ಹುಡುಕಿದವರಿಗೆ ತೋರಿಸಬೇಡ ಅಂತ. ಬ್ರಾಡ್ ಬಿಟ್ಟು, ಕೀವರ್ಡಿನ ಅರ್ಥ ಇರುವ ಹುಡುಕಾಟಕ್ಕಷ್ಟೇ ತೋರಿಸುವ ಫ್ರೇಸ್ ಮ್ಯಾಚಿಗೆ ಬಂದೆ. ಇನ್ನೊಂದು ಸೆಟ್ಟಿಂಗ್ ಕಣ್ಣಿಗೇ ಬಿದ್ದಿರಲಿಲ್ಲ. ಸ್ಥಳ ಕರ್ನಾಟಕ ಅಂತ ಕೊಟ್ಟರೂ, ಕರ್ನಾಟಕದಲ್ಲಿ 'ಆಸಕ್ತಿ' ತೋರಿಸಿದ ಹೊರಗಿನವರಿಗೂ ಜಾಹೀರಾತು ಹೋಗುವ ಆಯ್ಕೆ ಮೊದಲೇ ಒತ್ತಿಕೊಂಡಿರುತ್ತದೆ. ಪುಣೆಯವರು ಒತ್ತಿ ನಾನೇನು ಮಾಡಲಿ? ಇಲ್ಲೇ ಇರುವವರಿಗೆ ಮಾತ್ರ ಅಂತ ಬದಲಾಯಿಸಿದೆ.

ಉಳಿದ 1,500 ರೂಪಾಯಿಗೆ 96 ಕ್ಲಿಕ್, 11 ಆರ್ಡರ್. ಕ್ಲಿಕ್ಕಿನ ಬೆಲೆ ಒಂಬತ್ತರಿಂದ ಹದಿನಾರಕ್ಕೆ ಏರಿತು, ಆರ್ಡರಿನ ಖರ್ಚು 375ರಿಂದ 136ಕ್ಕೆ ಇಳಿಯಿತು. ಅಗ್ಗದ ಕ್ಲಿಕ್ ನೋಡಿ ಖುಷಿಪಟ್ಟಿದ್ದು ನನ್ನ ದಡ್ಡತನ.

ಇನ್‌ಸ್ಟಾಗ್ರಾಮಿನದು ಬೇರೆಯೇ ಕಥೆ. ಅಲ್ಲಿ ಸಾಮಾನ್ಯವಾಗಿ ಹಣ ಹಿಡಿಯುವುದು ತೋರಿಸಿದ್ದಕ್ಕೆ, ಒತ್ತಿದ್ದಕ್ಕಲ್ಲ. ವರದಿಯಲ್ಲಿ 'ಕ್ಲಿಕ್ಸ್ (ಆಲ್)' 1,240 ಅಂತ ನೋಡಿ ಹಿಗ್ಗಿದ್ದೆ. ಲೈಕು, ಕಾಮೆಂಟು, ಪ್ರೊಫೈಲ್ ನೋಡಿದ್ದು ಎಲ್ಲವೂ ಅದರಲ್ಲೇ ಸೇರಿತ್ತು. ಪಕ್ಕದ 'ಲಿಂಕ್ ಕ್ಲಿಕ್ಸ್', ಅಂದರೆ ನಿಜವಾಗಿ ಲಿಂಕ್ ಒತ್ತಿದ್ದು, 390. ಜಾಹೀರಾತು ಅಂದರೆ ಅತ್ತೆ ಒರಳಲ್ಲಿ ಶೇಂಗಾ ಕುಟ್ಟುವ ಹದಿನಾಲ್ಕು ಸೆಕೆಂಡಿನ ವಿಡಿಯೋ, ಸದ್ದು ಸಮೇತ. "ನಮ್ಮಜ್ಜಿ ನೆನಪಾದ್ರು" ಅಂತ ಕಾಮೆಂಟ್ ಮಾಡಿದವರು ಎಷ್ಟೋ ಜನ. ಅಜ್ಜಿ ನೆನಪಾದವರೆಲ್ಲ ಪುಡಿ ತಗೊಳ್ಳಲಿಲ್ಲ.

ಅರ್ಧ ದುಡ್ಡನ್ನು ವಾಟ್ಸ್‌ಆ್ಯಪಿಗೆ ಕರೆತರುವ ಜಾಹೀರಾತಿಗೆ ಹಾಕಿದೆ. 41 ಜನ ಮೆಸೇಜ್ ಮಾಡಿದರು. 29 ಜನ 'ರೇಟ್?' ಅಂತ ಕೇಳಿ ನಾಪತ್ತೆ. ವೆಬ್‌ಸೈಟು, ವಾಟ್ಸ್‌ಆ್ಯಪ್ ಎರಡೂ ಸೇರಿ 9 ಆರ್ಡರ್. ಸೋತಿತು ಅಂತ ಬರೆದುಬಿಡುತ್ತಿದ್ದೆ, ಆದರೆ ಆ ಒಂಬತ್ತರಲ್ಲಿ ಒಂದು ದೀಪಾವಳಿ ಉಡುಗೊರೆಗೆ 40 ಡಬ್ಬಿಯ ಆರ್ಡರು. ಆ ವಾರ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಅದು ಅದೃಷ್ಟ, ಲೆಕ್ಕಕ್ಕೆ ಹಿಡಿಯಬಾರದು ಅಂತ ನನ್ನ ಗಂಡ. ನಾನು ಅರ್ಧ ಒಪ್ಪುತ್ತೇನೆ.

ಇನ್‌ಸ್ಟಾಗ್ರಾಮಿನಲ್ಲಿ ನಮ್ಮಂಥವರಿಗೆ ಒಂದು ತೊಡಕಿದೆ. ಜಾಹೀರಾತು ಯಾರಿಗೆ ತೋರಿಸಬೇಕು ಅಂತ ಅದು ಕಲಿಯಲು ಒಂದು ವಾರದಲ್ಲಿ ಸುಮಾರು 50 ಫಲಿತಾಂಶ ಬೇಕು, ಅಂದರೆ ನಾವು ಗುರಿ ಇಟ್ಟ ಆರ್ಡರೋ ಮೆಸೇಜೋ. ವಾರಕ್ಕೆ ಎರಡು ಆರ್ಡರ್ ಬರುವ ನಮ್ಮದು ಯಾವ ಕಾಲಕ್ಕೂ ಕಲಿಯುವ ಹಂತ ದಾಟಲ್ಲ ಅಲ್ವಾ? ಆರ್ಡರ್ ಬದಲು ಮೆಸೇಜನ್ನೇ ಗುರಿಯಾಗಿ ಇಟ್ಟಿದ್ದು ಅದಕ್ಕೇ.

ಆದರೆ ಮಂಡಕ್ಕಿ ಒಗ್ಗರಣೆಗೆ ಹಾಕುವ ಪುಡಿಯ ವಿಷಯದಲ್ಲಿ ಗೂಗಲ್ ಉಪಯೋಗಕ್ಕೇ ಬರಲಿಲ್ಲ. ಅಂಥದ್ದೊಂದು ಸಿಗುತ್ತದೆ ಅಂತಲೇ ಜನಕ್ಕೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ? ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟು ವಿಡಿಯೋ ತೋರಿಸಿದರೆ ಮಾತ್ರ ಅದು ಹೋಗುತ್ತದೆ. ಶೇಂಗಾ ಚಟ್ನಿಪುಡಿಯನ್ನು ಹೆಸರು ಹಿಡಿದು ಹುಡುಕುತ್ತಾರೆ, ಅಲ್ಲಿ ಗೂಗಲ್ಲೇ ಸರಿ.

ಒಂದು ಮಾರುಕಟ್ಟೆ ಆ್ಯಪಿನೊಳಗೂ ಕ್ಲಿಕ್ಕಿಗೆ ದುಡ್ಡು ಕೊಟ್ಟು ನೋಡಿದೆ. ಕಮಿಷನ್, ಸಾಗಣೆ ಕಳೆದ ಮೇಲೆ ಡಬ್ಬಿಗೆ ಏನೂ ಉಳಿಯಲಿಲ್ಲ. ನಾಲ್ಕೇ ದಿನಕ್ಕೆ ನಿಲ್ಲಿಸಿದೆ.

ಗೂಗಲ್, ಇನ್‌ಸ್ಟಾಗ್ರಾಮ್ ಎರಡರ ಜಾಹೀರಾತಿನ ಮೇಲೂ 18% ಜಿಎಸ್‌ಟಿ ಬೀಳುತ್ತದೆ. ತೆರಿಗೆ ಸೇರಿಸಿ 1,000 ರೂಪಾಯಿ ಕಟ್ಟಿದರೆ ಜಾಹೀರಾತಿಗೆ ಸಿಗುವುದು 847. ನೋಂದಣಿ ಇಲ್ಲದ ನಮಗೆ ಆ ತೆರಿಗೆ ವಾಪಸ್ ಬರುವುದೂ ಇಲ್ಲ.

ಈಗ ಗೂಗಲ್ಲಿಗೆ ದಿನಕ್ಕೆ 60 ರೂಪಾಯಿ, ವರ್ಷಪೂರ್ತಿ. ಇನ್‌ಸ್ಟಾಗ್ರಾಮಿಗೆ ಯುಗಾದಿ, ದೀಪಾವಳಿಗೆ ಎರಡು ವಾರ ಮುಂಚೆ ಮಾತ್ರ. ಗೂಗಲ್ಲಿಂದ ಬಂದ ಆ ಹನ್ನೊಂದು ಜನರಲ್ಲಿ ಐವರು ಈಗ ನೇರವಾಗಿ ವಾಟ್ಸ್‌ಆ್ಯಪಲ್ಲೇ ಆರ್ಡರ್ ಹಾಕುತ್ತಾರೆ. "ಇವರಿಗೂ ಕೊಡಬೇಕಾ ದುಡ್ಡು?" ಅಂತ ಅತ್ತೆ ಕೇಳಿದರು. ಇಲ್ಲ ಅಂದೆ. ಅವರ ಪಾರ್ಸೆಲ್ಲಿಗೆ ಒಂದೊಂದು ಪೊಟ್ಟಣ ಗುರೆಳ್ಳು ಪುಡಿ ಜಾಸ್ತಿ ಹಾಕಿದರು.