ಬಾವಿಗೆ ಯಾರೂ ಇಳಿಯದೆ ಹೂಳು ತೆಗೆಸಿದ್ದು

ನಮ್ಮ ಮನೆ ಅಂಕೋಲಾದ ಕೇಣಿ ಕಡೆ. ಸಮುದ್ರ ದೂರ ಇಲ್ಲ. ಹಿತ್ತಲಲ್ಲಿ ಚಿರೇಕಲ್ಲಿನಿಂದ ಕಟ್ಟಿದ ಹಳೇ ಬಾವಿ ಇದೆ. 28 ಅಡಿ ಆಳ, 8 ಅಡಿ ಅಗಲ. ಮೂರು ಮನೆಯವರು ಅದರದ್ದೇ ನೀರು ಕುಡಿಯುತ್ತೇವೆ. ಹೋದ ಮಳೆಗಾಲದಿಂದ ಪಂಪು ಹಾಕಿದರೆ ಸಾಕು, ಟಾಂಕಿಗೆ ಕೆಂಪು ರಾಡಿ ಬರುತ್ತಿತ್ತು. ಪಂಪಿನ ಪೈಪಿನ ಬುಡದಲ್ಲಿರುವ ಫುಟ್‌ವಾಲ್ವ್ ಎಳೆದು ನೋಡಿದರೆ ಜಾಳಿಗೆ ತುಂಬ ಕೆಸರು. ಈ ಸಲ ದೀಪಾವಳಿ ಕಳೆದ ಮೇಲೆ ಕಂಪ್ರೆಸರ್ ಗಾಳಿಯಿಂದ ಹೂಳು ತೆಗೆಯುವವರನ್ನು ಕರೆಸಿದೆವು. ಅವರ ಕೆಲಸ ಹೇಗಿತ್ತು ಅಂತ ಸುಮಾರು ಜನ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ತಂಡದ ಹೆಸರು ಹಾಕುವುದಿಲ್ಲ. ಒಂದೆರಡು ದೂರು ಹೇಳಲಿಕ್ಕಿದೆ, ಹುಡುಗರು ನಮ್ಮ ಕಡೆಯವರೇ, ಸುಮ್ನೆ ಯಾಕೆ.

ಕೆಲಸ ಮಾತ್ರ ಚೊಲೋ ಆಯಿತು. ತಳದಲ್ಲಿ ಒಂದೂವರೆ ಅಡಿ ಹೂಳಿತ್ತು. ಈಗ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟರೆ ಗಟ್ಟಿ ತಳಕ್ಕೆ ಬಡಿದಿದ್ದು ಕೈಗೆ ಗೊತ್ತಾಗುತ್ತದೆ. ಆದರೆ ಇದು ಎಲ್ಲ ಬಾವಿಗೂ, ಎಲ್ಲ ಕಾಲಕ್ಕೂ ಆಗುವಂಥದ್ದಲ್ಲ. ಬಾವಿ ತೊಳೆಸುವುದು ಅಂದರೆ ನಮಗೆಲ್ಲ ಏಪ್ರಿಲ್, ಮೇ ತಿಂಗಳೇ ನೆನಪಿಗೆ ಬರುವುದು, ನೀರು ತಳ ಕಂಡಾಗ. ಇದು ಪೂರ್ತಿ ಉಲ್ಟಾ. ಬಾವಿಯಲ್ಲಿ ನೀರು ಜಾಸ್ತಿ ಇರುವಾಗಲೇ ಮಾಡಿಸಬೇಕು.

ಫೋನ್ ಮಾಡಿದಾಗ ಆ ತಂಡದ ಹುಡುಗ ಮೊದಲು ಕೇಳಿದ್ದೂ ಅದನ್ನೇ. "ಅಕ್ಕೋರೇ, ಬಾವಿಲಿ ನೀರು ಎಷ್ಟು ಅದೆ?" ಶಾಲೆಯಲ್ಲಿ ಕಲಿಸುವುದು ಬಿಟ್ಟು ಎಷ್ಟೋ ವರ್ಷ ಆಯಿತು, ಊರಿಗೆಲ್ಲ ನಾನು ಇನ್ನೂ ಅಕ್ಕೋರೇ, ಅಂದರೆ ಟೀಚರೇ. ಹೂಳು ಎಷ್ಟಿದೆ ಅಂತ ಕೇಳದೆ ನೀರು ಎಷ್ಟಿದೆ ಅಂತ ಕೇಳಿದನಲ್ಲ, ಇವನಿಗೆ ಕೆಲಸ ಗೊತ್ತು ಅನ್ನಿಸಿತು. ಹಗ್ಗ ಬಿಟ್ಟು ಅಳೆದು ಹೇಳಿದೆ, 17 ಅಡಿ. "ಹಂಗಾರೆ ಬತ್ತೆ" ಅಂದ. ಮೇ ತಿಂಗಳಲ್ಲಿ ನಮ್ಮ ಬಾವಿಯಲ್ಲಿ ನಾಲ್ಕಡಿ ನೀರು ಉಳಿದರೆ ದೊಡ್ಡದು. ಆಗ ಕರೆದರೆ ಅವನು ಬರುವುದೇ ಇಲ್ಲವಂತೆ.

ಬಂದದ್ದು ಟ್ರ್ಯಾಕ್ಟರ್ ಮೇಲಿನ ಕಂಪ್ರೆಸರ್. ಕಲ್ಲು ಒಡೆಯಲಿಕ್ಕೆ, ಬಾವಿ ತೋಡಲಿಕ್ಕೆ ಬರುತ್ತದಲ್ಲ, ಅದೇ. ಜೊತೆಗೆ ನಾಲ್ಕು ಇಂಚಿನ ಪಿವಿಸಿ ಪೈಪು, ಒಂದು ಇಂಚಿನ ಗಾಳಿ ಹೋಸ್, ಹಗ್ಗ, ಕಬ್ಬಿಣದ ತುಂಡುಗಳು. ದೊಡ್ಡ ಪೈಪಿನ ಬುಡದಿಂದ ಒಂದು ಗೇಣು ಮೇಲೆ ತೂತು ಕೊರೆದು ಅಲ್ಲಿ ಗಾಳಿ ಹೋಸ್ ಸೇರಿಸಿದ್ದರು. ಇಡೀ ಸಾಮಾನು ಅಷ್ಟೇ. ನೀರಿನೊಳಗೆ ಮೋಟಾರಿಲ್ಲ, ತಿರುಗುವ ಫ್ಯಾನಿಲ್ಲ, ಕರೆಂಟಿನ ವಯರಿಲ್ಲ.

ಕಬ್ಬಿಣದ ತುಂಡು ಯಾಕೆ ಅಂತ ಕೇಳಿದೆ. ಗಾಳಿ ಬಿಟ್ಟ ಕೂಡಲೇ ಪೈಪು ಹಗುರಾಗಿ ಮೇಲೆ ಏಳಲಿಕ್ಕೆ ನೋಡುತ್ತದೆ, ಅದಕ್ಕೆ ಬುಡಕ್ಕೆ ಭಾರ ಕಟ್ಟುವುದು ಅಂದರು. ಕಟ್ಟಿದರೂ ಒಂದು ಸಲ ಎದ್ದೇ ಬಿಟ್ಟಿತು. ಇಬ್ಬರು ಹಗ್ಗ ಹಿಡಿದು ಬಾವಿಕಟ್ಟೆಗೆ ಕಾಲು ಕೊಟ್ಟು ಎಳೆದರು.

ಗಾಳಿ ಬಿಟ್ಟು ಸ್ವಲ್ಪ ಹೊತ್ತು ಏನೂ ಇಲ್ಲ. ಪೈಪಿನ ಒಳಗೆ ಗೊರಗೊರ ಸದ್ದು ಮಾತ್ರ. ಆಮೇಲೆ ಒಮ್ಮೆಲೇ ಪೈಪಿನ ಬಾಯಿಂದ ರಾಡಿ ಉಗುಳಿತು. ನಲ್ಲಿ ನೀರಿನ ಹಾಗೆ ಒಂದೇ ಸಮ ಬರುವುದಿಲ್ಲ. ಒಂದು ಗುಕ್ಕು ನೀರು, ಒಂದು ಗುಕ್ಕು ಗಾಳಿ, ಮತ್ತೆ ನೀರು. ಮೊದಲನೇ ಗುಕ್ಕಿಗೇ ಪಕ್ಕದ ಬಾಳೆ ಎಲೆಗಳು ಪೂರ್ತಿ ಕೆಂಪಾದವು. ಒಣಗಲು ಹಾಕಿದ ಬಟ್ಟೆ ಇದ್ದರೆ ಮೊದಲೇ ತೆಗೆದುಬಿಡಿ.

ಇದರೊಳಗೆ ನಡೆಯುವುದು ಏಳನೇ ಕ್ಲಾಸಿನ ಮಕ್ಕಳಿಗೂ ಹೇಳಿಕೊಡಬಹುದು. ಬುಡದಲ್ಲಿ ಗಾಳಿ ಸೇರಿದಾಗ ಪೈಪಿನ ಒಳಗಿನ ನೀರು ಗುಳ್ಳೆಗಳಿಂದ ತುಂಬಿ ಹಗುರಾಗುತ್ತದೆ. ಹೊರಗೆ ಬಾವಿಯ ನೀರು ಮೊದಲಿನಷ್ಟೇ ಭಾರ. ತಕ್ಕಡಿಯ ಹಾಗೆ ಭಾರದ ಕಡೆ ಕೆಳಗೆ ಒತ್ತುತ್ತದೆ, ಹಗುರ ಕಡೆ ಮೇಲೆ ಏಳುತ್ತದೆ. ಏಳುವಾಗ ಪೈಪಿನ ಬಾಯಿ ಹತ್ತಿರ ಇದ್ದ ಹೂಳನ್ನೂ ಎಳೆದುಕೊಂಡು ಹೋಗುತ್ತದೆ. ಗುಳ್ಳೆ ಮೇಲೆ ಬಂದ ಹಾಗೆ ದೊಡ್ಡದಾಗುತ್ತದೆ. 17 ಅಡಿ ಆಳದಲ್ಲಿದ್ದ ಗಾಳಿ ಮೇಲೆ ಬರುವಷ್ಟರಲ್ಲಿ ಸುಮಾರು ಒಂದೂವರೆ ಪಟ್ಟು ಹಿಗ್ಗಿರುತ್ತದೆ. ಬಾಯಲ್ಲಿ ಅಷ್ಟು ಜೋರಾಗಿ ಉಗುಳುವುದು ಅದಕ್ಕೇ.

ನೀರು ಜಾಸ್ತಿ ಬೇಕು ಅನ್ನುವುದೂ ಇದರಿಂದಲೇ. ಹೊರಗಿನ ನೀರಿನ ಭಾರವೇ ಇಲ್ಲಿ ಕೆಲಸ ಮಾಡುವುದು. ಪೈಪಿನ ಅರ್ಧಕ್ಕಿಂತ ಜಾಸ್ತಿ ನೀರಲ್ಲಿ ಮುಳುಗಿದ್ದರೆ ಚೊಲೋ ಬರುತ್ತದೆ. ನಮ್ಮಲ್ಲಿ ನೀರೊಳಗೆ 17 ಅಡಿ, ನೀರಿನ ಮೇಲೆ ಬಾವಿಕಟ್ಟೆ ಸೇರಿ 14 ಅಡಿ ಇತ್ತು. ಬೆಳಗ್ಗೆ ಭರ್ಜರಿಯಾಗಿ ಬಂತು. ಊಟದ ಹೊತ್ತಿಗೆ ಬಾವಿ ಐದಡಿ ಇಳಿದಿತ್ತು. ಆಗ ಅದೇ ಯಂತ್ರ, ಅದೇ ಪೈಪು, ಬರೀ ಸುಯ್ ಅಂತ ಗಾಳಿ, ನಡುವೆ ಒಂದು ಕೊಡ ನೀರು. ನಿಲ್ಲಿಸಿ ಊಟಕ್ಕೆ ಕೂತರು. ನವೆಂಬರಿನಲ್ಲಿ ನಮ್ಮ ಕಡೆ ಒರತೆ ಜೋರು. ಎದ್ದು ಬರುವಷ್ಟರಲ್ಲಿ ಸುಮಾರು ತುಂಬಿತ್ತು, ಸಂಜೆವರೆಗೆ ಮತ್ತೆ ನಡೆಯಿತು.

ಈ ಉಪಾಯ ಹೊಸತೇನಲ್ಲ. ಗಾಳಿಯಿಂದ ನೀರೆತ್ತುವುದನ್ನು ಜರ್ಮನಿಯ ಕಾರ್ಲ್ ಲೋಷರ್ 1797ರಲ್ಲೇ ಕಂಡುಹಿಡಿದಿದ್ದ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗನ್ನು 1982ರಲ್ಲಿ ಮೇಲೆತ್ತಿದರಲ್ಲ, ಅದಕ್ಕೆ ಮೊದಲು ಡೈವರುಗಳು ಹಡಗಿನ ಮೇಲಿನ ಹೂಳನ್ನು ತೆಗೆದದ್ದು ಇಂಥದ್ದೇ ಪೈಪುಗಳಿಂದ. ಅವರು ಪೈಪಿನ ಬಾಯನ್ನು ಸೀದಾ ಹೂಳಿಗೆ ಚುಚ್ಚುತ್ತಿರಲಿಲ್ಲ. ಕೈಯಿಂದ ಮೆಲ್ಲಗೆ ಕೆದರಿ, ಎದ್ದ ಕೆಸರನ್ನು ಮಾತ್ರ ಪೈಪಿಗೆ ಬಿಡುತ್ತಿದ್ದರು. ಇಲ್ಲದಿದ್ದರೆ ನಾಣ್ಯ, ಅಂಗಿಯ ಗುಂಡಿ ಎಲ್ಲ ಅದರೊಟ್ಟಿಗೇ ಹೋಗುತ್ತಿತ್ತು. ನಮ್ಮ ಹುಡುಗರು ಅಷ್ಟು ನಾಜೂಕು ಮಾಡಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೂ ಪೈಪನ್ನು ಒಂದೇ ಕಡೆ ಹುಗಿದು ನಿಲ್ಲಿಸುತ್ತಿರಲಿಲ್ಲ. ತಳಕ್ಕೆ ತಾಗಿಸಿ, ಒಂದು ಗೇಣು ಎತ್ತಿ, ಸರಿಸಿ, ಮತ್ತೆ ತಾಗಿಸಿ. ಬಾವಿ ಸುತ್ತ ಹಾಗೇ ತಿರುಗಿದರು. ಹುಗಿದರೆ ಬಾಯಿ ಕಟ್ಟಿಕೊಳ್ಳುತ್ತದೆ, ಗಾಳಿ ಕೆಳಗಿನಿಂದ ಹೊರಗೆ ಹೋಗಿ ಬಾವಿಯೆಲ್ಲ ಕುದಿಯುತ್ತದೆ. ತೆಂಗಿನ ಚಿಪ್ಪೊಂದು ಸಿಕ್ಕಿ ಹಾಗೆ ಆಯಿತು. ಪೈಪು ಮೇಲೆ ಎಳೆದು, ಕೋಲು ಹಾಕಿ ತಳ್ಳಿದರು.

ಪೈಪಿನ ಬಾಯಿಗಿಂತ ದೊಡ್ಡದು ಏನೂ ಬರುವುದಿಲ್ಲ. ಬಿದ್ದ ಕೊಡಪಾನ, ಬಕೆಟ್ಟು ಇದ್ದರೆ ಮೊದಲು ಪಾತಾಳಗರಡಿ ಹಾಕಿ ತೆಗೆದಿಡಿ. ನಮ್ಮಲ್ಲಿ ಎರಡು ಬಕೆಟ್ಟು, ಒಂದು ತಾಮ್ರದ ಚೊಂಬು ಬಂತು. ಚೊಂಬು ತಮ್ಮದು ಅಂತ ಮೂರೂ ಮನೆಯವರು ಹೇಳಿದರು. ಆ ಕಥೆ ಇಲ್ಲಿ ಬೇಡ.

ಸೊಳ್ಳೆ ಮರಿ ತಿನ್ನಲಿ ಅಂತ ಬಿಟ್ಟ ಗಪ್ಪಿ ಮೀನುಗಳಿವೆ ನಮ್ಮ ಬಾವಿಯಲ್ಲಿ. ಅವೂ ಒಂದಿಷ್ಟು ಪೈಪಿನಲ್ಲಿ ಬಂದುಬಿಟ್ಟವು. ರಾಡಿ ಬೀಳುವ ಗುಂಡಿಯ ಹತ್ತಿರ ಮಕ್ಕಳನ್ನು ಬಕೆಟ್ ಕೊಟ್ಟು ನಿಲ್ಲಿಸಿದ್ದೆ. ಬದುಕಿದ್ದನ್ನು ಹಿಡಿದು ಸಂಜೆ ಮತ್ತೆ ಬಾವಿಗೆ ಬಿಟ್ಟರು.

ಇನ್ನು ದೂರು. ಫೋನಿನಲ್ಲಿ ಒಪ್ಪಿದ್ದು 6,500 ರೂಪಾಯಿ. ಸಂಜೆ ಲೆಕ್ಕ ಮಾಡುವಾಗ ಪೈಪಿನ ಬಾಡಿಗೆ ಬೇರೆ, ಡೀಸೆಲ್ ಬೇರೆ ಅಂತ 1,800 ಸೇರಿಸಿದರು. ಮೊದಲೇ ಹೇಳಿದ್ದರೆ ಕೊಡುತ್ತಿದ್ದೆ. ಕೆಲಸ ಮುಗಿದ ಮೇಲೆ ಹೇಳಿದ್ದು ಸರಿ ಅಲ್ಲ. ಜೋರು ಮಾಡಿದ ಮೇಲೆ ಸಾವಿರಕ್ಕೆ ಇಳಿದರು.

ಎರಡನೆಯದು ಎಣ್ಣೆ. ಸಂಜೆ ಬಾವಿ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿತ್ತು. ಕಂಪ್ರೆಸರಿನ ಎಣ್ಣೆ ಗಾಳಿ ಜೊತೆ ಬಂದದ್ದು. "ಎರಡು ದಿನದಲ್ಲಿ ಹೋಗ್ತದೆ ಅಕ್ಕೋರೇ" ಅಂದ. ಕುಡಿಯುವ ನೀರಿನ ಬಾವಿ ಇದು, ಹೋಗ್ತದೆ ಅಂದರೆ ಹೇಗೆ ಮಾರಾಯಾ? ಗಾಳಿ ಹೋಸಿಗೆ ಎಣ್ಣೆ ಹಿಡಿಯುವ ಫಿಲ್ಟರ್ ಹಾಕಲಿಕ್ಕೆ ಬರುತ್ತದೆ, ಇವರ ಹತ್ತಿರ ಇರಲಿಲ್ಲ. ಪಂಪು ಹಾಕಿ ಮೇಲಿನ ನೀರನ್ನು ತೋಟಕ್ಕೆ ಬಿಟ್ಟು ತೆಗೆದೆವು. ಕಲ್ಲು ಒಡೆಯುವ ಕಂಪ್ರೆಸರನ್ನು ಕುಡಿಯುವ ನೀರಿಗೆ ತಂದರೆ ಹೀಗೇ ಆಗುವುದು. ಅಷ್ಟು ದೊಡ್ಡದು ಬೇಕಾಗಿಯೂ ಇಲ್ಲ. ಅದರ ಒತ್ತಡ 100 ಪಿಎಸ್‌ಐ. 17 ಅಡಿ ನೀರಿನ ಕೆಳಗೆ ಗಾಳಿ ತಳ್ಳಲಿಕ್ಕೆ ಎಂಟು ಪಿಎಸ್‌ಐ ಇದ್ದರೆ ಆಯಿತು. ಗಾಳಿ ಹೆಚ್ಚು ಬರಬೇಕು, ಒತ್ತಡ ಅಲ್ಲ. ಉಳಿದದ್ದೆಲ್ಲ ಡೀಸೆಲ್ ಹೊಗೆ ಮತ್ತೆ ಕಿವಿ ಒಡೆಯುವ ಸದ್ದು.

ಹೊಗೆ ಅಂದಮೇಲೆ ಇನ್ನೊಂದು. ಟ್ರ್ಯಾಕ್ಟರನ್ನು ಬಾವಿ ಪಕ್ಕಕ್ಕೇ ತಂದು ನಿಲ್ಲಿಸಲಿಕ್ಕೆ ಹೊರಟಿದ್ದರು. ಗೇಟಿನ ಹತ್ತಿರವೇ ನಿಲ್ಲಿಸಿ, ಹೋಸ್ ಉದ್ದ ಇದೆಯಲ್ಲ ಅಂತ ಹೇಳಿದೆ. ಇಂಜಿನ್ ಹೊಗೆ ಬಾವಿಯೊಳಗೆ ತುಂಬಿದರೆ ಆಮೇಲೆ ಫುಟ್‌ವಾಲ್ವ್ ಕಟ್ಟಲು ಯಾರಾದರೂ ಇಳಿದರೆ ಗತಿ ಏನು? ನಿಂತ ಬಾವಿಯಲ್ಲಿ ಮೊದಲೇ ಗಾಳಿ ಸರಿ ಇರುವುದಿಲ್ಲ. ಕೊಳೆತ ಎಲೆ, ಕೆಸರಿನಿಂದ ಹುಟ್ಟುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಕೆಳಗೇ ಕೂತಿರುತ್ತದೆ. ಹೂಳು ತೆಗೆಯಲು ಇಳಿದವನು ಬಿದ್ದ, ಅವನನ್ನು ಎತ್ತಲು ಇಳಿದವನೂ ಬಿದ್ದ ಅಂತ ಪ್ರತಿ ಬೇಸಿಗೆಯಲ್ಲಿ ಪೇಪರಿನಲ್ಲಿ ಓದುತ್ತೇವೆ ಅಲ್ವಾ. ನಾನು ಈ ಪದ್ಧತಿಗೆ ಒಪ್ಪಿದ್ದು ಮುಖ್ಯವಾಗಿ ಇದಕ್ಕೇ. ಇಡೀ ದಿನದಲ್ಲಿ ಒಬ್ಬನೂ ಬಾವಿಗೆ ಕಾಲಿಡಲಿಲ್ಲ.

ಸಮುದ್ರದ ಹತ್ತಿರ ಇರುವವರಿಗೆ ಇನ್ನೊಂದು ಲಾಭ ಇದೆ. ಬಾವಿಯನ್ನು ಪೂರ್ತಿ ಬತ್ತಿಸಬೇಕಾಗಿಲ್ಲ. ನಮ್ಮ ಕಡೆ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿವರೆಗೆ ಸಿಹಿ ಇರುತ್ತದೆ ಅಂತ ಪುಸ್ತಕದ ಲೆಕ್ಕ. ಮೇಲಿನದನ್ನು ಎಳೆದಷ್ಟೂ ಕೆಳಗಿನ ಉಪ್ಪು ಮೇಲೆ ಬರುತ್ತದೆ. ನಮ್ಮ ಕೇರಿಯಲ್ಲೊಬ್ಬರು ಎರಡು ಪಂಪು ಹಚ್ಚಿ ಮೇ ತಿಂಗಳಲ್ಲಿ ಬಾವಿ ಬತ್ತಿಸಿ ತೊಳೆಸಿದರು. ಮಳೆ ಬರುವವರೆಗೂ ಅವರ ಮನೆ ಚಹಾ ಉಪ್ಪು. ಚಿರೇಕಲ್ಲಿನ ಹಳೇ ಗೋಡೆಗೂ ಒಮ್ಮೆಲೇ ನೀರು ಇಳಿಸುವುದು ಒಳ್ಳೆಯದಲ್ಲ. ಹಿಂದಿನ ಮಣ್ಣು ಒದ್ದೆ ಇರುತ್ತದೆ, ಒಳಗಿನಿಂದ ತಡೆಯುವ ನೀರು ಇರುವುದಿಲ್ಲ, ಕಲ್ಲು ಕಳಚುತ್ತದೆ.

ರಾಡಿಗೆ ಜಾಗ ಮೊದಲೇ ಮಾಡಿಡಿ. ಹೂಳಿಗಿಂತ ನೀರೇ ಜಾಸ್ತಿ ಬರುತ್ತದೆ. ನಾವು ತೆಂಗಿನ ಸಾಲಿನ ನಡುವೆ ಗುಂಡಿ ತೋಡಿ, ಅಂಚಿಗೆ ಗೋಣಿಚೀಲ ಕಟ್ಟಿದ್ದೆವು. ನೀರು ಸೋರಿ ತೋಟಕ್ಕೆ ಹೋಯಿತು, ಮಣ್ಣು ನಿಂತಿತು. ಈಗ ಅದು ಬಾಳೆ ಬುಡದಲ್ಲಿದೆ.

ತೆಗೆಸಿದ ಮೇಲೆ ನೀರು ತಿಳಿಯಾಗಲು ಎರಡು ದಿನ ಬಿಡಿ. ಆಮೇಲೆ ಬ್ಲೀಚಿಂಗ್ ಪೌಡರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ನಮ್ಮ ಬಾವಿಯಲ್ಲಿ ಸುಮಾರು 24,000 ಲೀಟರ್ ನೀರು, ಅಂದರೆ 60 ಗ್ರಾಂ ಹತ್ತಿರ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ರಾತ್ರಿ ಬಾವಿಗೆ ಬಿಟ್ಟು, ಬೆಳಗ್ಗೆ ನೀರು ಸೇದಿ. ಒಂದು ಪ್ಯಾಕೆಟ್ ಪೂರ್ತಿ ಸುರಿಯುವವರಿದ್ದಾರೆ. ಬೇಡ, ಮೀನು ಉಳಿಯುವುದಿಲ್ಲ.

ಘಟ್ಟದ ಮೇಲೆ, ಸಿರ್ಸಿ ಕಡೆ 50 ಅಡಿ ಆಳದ, ತಳದಲ್ಲಿ ಐದಾರು ಅಡಿ ನೀರಿರುವ ಬಾವಿಯವರು ಇವರನ್ನು ಕರೆಸಿ ದುಡ್ಡು ಹಾಳು ಮಾಡಬೇಡಿ. ಬರೀ ಗಾಳಿ ಬರುತ್ತದೆ. ಗಟ್ಟಿ ಜೇಡಿಮಣ್ಣು ಕೂತಿದ್ದರೂ ಅಷ್ಟೇ, ಮೊದಲು ಅದನ್ನು ನೀರಿನ ಜೆಟ್ ಬಿಟ್ಟು ಕದಡಬೇಕಾಗುತ್ತದೆ. ನಮ್ಮ ಹಾಗೆ ಕರಾವಳಿಯಲ್ಲಿ, ಮಳೆ ಮುಗಿದಾಗ ಅರ್ಧಕ್ಕಿಂತ ಮೇಲೆ ನೀರು ನಿಲ್ಲುವ ಬಾವಿ ಇದ್ದರೆ ಕರೆಸಿ. ಫೋನಿನಲ್ಲೇ ಮೂರು ಮಾತು ಕೇಳಿ: ಎಣ್ಣೆ ಫಿಲ್ಟರ್ ಇದೆಯಾ, ಹೋಸ್ ಎಷ್ಟು ಉದ್ದ, ಡೀಸೆಲ್ ಸೇರಿ ಒಟ್ಟು ಎಷ್ಟು. ಮತ್ತೆ ತುಳಸಿ ಮದುವೆಗೆ ಮೊದಲೇ ಹೇಳಿಡಿ. ಅದು ಕಳೆದರೆ ಟ್ರ್ಯಾಕ್ಟರೆಲ್ಲ ಕ್ವಾರಿ ಕೆಲಸಕ್ಕೆ ಹೋಗುತ್ತವೆ, ಆಮೇಲೆ ಫೋನ್ ಎತ್ತುವುದಿಲ್ಲ.